ಉಸಿರೆಳೆಯುವ ನಲ್ಲಿ

ಬಾಗಿಲ ದೀಪ ಹಳದಿಯಾದಾಗ ಪುಟ್ಟತಾಯಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹೊಸ್ತಿಲ ಹತ್ತಿರ ನಿಂತು, ಚೌಕಟ್ಟಿನ ಮೇಲೆ ಕೂರಿಸಿದ್ದ ಅಂಗೈಯಗಲದ ಪೆಟ್ಟಿಗೆಯನ್ನು ತಲೆಯೆತ್ತಿ ನೋಡಿದರು.

“ಏನವ್ವಾ ಇವತ್ತು? ಹೊಟ್ಟೇದಾ, ಸೊಳ್ಳೇದಾ?”

ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟಿ ಹೆಣ್ಣುದನಿಯಲ್ಲಿ ಹೇಳಿತು: “ಹತ್ತಿಮರದ ಬೀದಿಯ ನಿವಾಸಿಗಳ ಗಮನಕ್ಕೆ. ನಿಮ್ಮ ಬೀದಿಯಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಹೆಚ್ಚುತ್ತಿವೆ. ಶೇಖರಿಸಿಟ್ಟ ನೀರನ್ನು ಇಂದೇ ಚೆಲ್ಲಿ. ಡ್ರಮ್ಮು, ತೊಟ್ಟಿ, ಟ್ಯಾಂಕುಗಳನ್ನು ಉಜ್ಜಿ ತೊಳೆದು ಒಣಗಿಸಿ.”

“ಸೊಳ್ಳೇದಂತೆ ಕಣ್ಲಾ ಯತೀಶ,” ಪುಟ್ಟತಾಯಮ್ಮ ಒಳಕ್ಕೆ ಕೂಗಿದರು. “ದೀಪಕ್ಕ ಹೇಳವ್ಳೆ, ಎಲ್ಲಾನೂ ಚೆಲ್ಬೇಕಂತೆ. ಮೊನ್ನೆ ತಾನೆ ತುಂಬ್ಸಿದ್ದ ನೀರು, ಹೊಟ್ಟೆ ಉರೀತದೆ.”

“ಚೆಲ್ಬುಡವ್ವ. ನಾಳೆ ಹೆಂಗೂ ನೀರು ಬಿಡ್ತಾರೆ. ಮೋಟ್ರು ಹಾಕಿದ್ರೆ ನೋಡ್ತಾ ನೋಡ್ತಾ ತುಂಬ್ಕತದೆ.” ಯತೀಶ ಬನಿಯನ್ನಿನಲ್ಲೇ ಹಿತ್ತಿಲಿಗೆ ನಡೆದು ಡ್ರಮ್ಮು ಮಗುಚಿದ. ಅಕ್ಕಪಕ್ಕದ ಹಿತ್ತಿಲುಗಳಿಂದಲೂ ಡ್ರಮ್ಮು ಉರುಳಿಸುವ ಸದ್ದು. ಬೀದಿಗೆ ಬೀದಿಯೇ ನೀರು ಚೆಲ್ಲುತ್ತಿತ್ತು.

ಒಳಮನೆಯಲ್ಲಿ ಸಿಂಚನ ಮಗಳಿಗೆ ಗಂಜಿ ಕುಡಿಸುತ್ತಿದ್ದಳು. ಆರು ವರ್ಷದ ಇಂಚರ ಎರಡು ಗುಟುಕು ಕುಡಿದು ಮುಖ ತಿರುಗಿಸಿದಳು. ಹೋದ ತಿಂಗಳು ಭೇದಿಯಿಂದ ಆಸ್ಪತ್ರೆ ಸೇರಿದ್ದ ಮಗು ಮನೆಗೆ ಬಂದಿತ್ತು, ಆದರೆ ಮೈಗೆ ಬಂದಿರಲಿಲ್ಲ. ಬಿಡುಗಡೆ ಮಾಡುವಾಗ ಮಕ್ಕಳ ಡಾಕ್ಟರು ಸಿಂಚನಳನ್ನು ಪಕ್ಕಕ್ಕೆ ಕರೆದು, “ಕಿಡ್ನಿಗೆ ಸ್ವಲ್ಪ ಪೆಟ್ಟಾಗಿದೆ, ಸುಧಾರಿಸ್ಕೊಳ್ತಾಳೆ. ಆದ್ರೆ ಇನ್ನೊಂದು ಸಲ ಹೀಗೆ ಮೈಯಿನ ನೀರೆಲ್ಲ ಹೋದ್ರೆ ನನ್ನ ಕೈಲಿ ಆಗಲ್ಲಮ್ಮ” ಎಂದಿದ್ದರು. ಆ ಮಾತು ಅಲ್ಲಿಂದೀಚೆಗೆ ಅವಳ ಜೊತೆಗೇ ಎದ್ದು, ಅವಳ ಜೊತೆಗೇ ಬಸ್ಸು ಹತ್ತಿ, ಅವಳ ಜೊತೆಗೇ ಮಲಗುತ್ತಿತ್ತು.

ತೊರೆಪೇಟೆಗೆ ‘ಮುನ್ನೆಚ್ಚರ’ ಬಂದು ಎರಡು ಬೇಸಿಗೆ ಕಳೆದಿತ್ತು. ಕಾಯಿಲೆ ಮನುಷ್ಯನನ್ನು ಮಲಗಿಸುವ ಮೊದಲೇ ಅದರ ಸುಳಿವು ಸಿಕ್ಕಿಬಿಟ್ಟರೆ ಹೇಗೆ ಎಂಬ ಒಂದು ಪ್ರಶ್ನೆಯಿಂದ ಹುಟ್ಟಿದ ಯೋಜನೆ. ಬೀದಿಬೀದಿಯ ಒಳಚರಂಡಿಯಲ್ಲಿ ಮುಷ್ಟಿಗಾತ್ರದ ಒಂದೊಂದು ಪೆಟ್ಟಿಗೆ ಇಳಿಬಿಟ್ಟಿದ್ದರು. ಜನ ಅದನ್ನು ಮೋರಿಮೂಗು ಎಂದು ಕರೆದರು. ಮನೆಮನೆಯ ಕಕ್ಕಸು, ಬಚ್ಚಲುಗಳಿಂದ ಹರಿದು ಬರುವ ನೀರಿನಲ್ಲಿ ರೋಗಾಣುಗಳ ಚೂರುಪಾರು ಸಿಕ್ಕರೂ ಅದು ಗುರುತು ಹಿಡಿಯುತ್ತಿತ್ತು. ಜ್ವರ ಬರುತ್ತದೆಂದು ಮನುಷ್ಯನಿಗೆ ಗೊತ್ತಾಗುವ ಮೊದಲೇ ಅವನ ಬೀದಿಯ ಮೋರಿಗೆ ಗೊತ್ತಾಗುತ್ತಿತ್ತು. ವಿದ್ಯುತ್ ಕಂಬಗಳಿಗೆ ನೇತುಹಾಕಿದ ಇನ್ನೊಂದು ಬಗೆಯ ಪೆಟ್ಟಿಗೆ ಸೊಳ್ಳೆಗಳ ಗುಂಯ್‌ಗಾನ ಕೇಳಿ ಯಾವ ಜಾತಿಯವು ಎಷ್ಟಿವೆ ಎಂದು ಅಂದಾಜು ಮಾಡುತ್ತಿತ್ತು. ಎರಡರ ವರದಿಯೂ ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿಂದ ಮನೆಮನೆಯ ಬಾಗಿಲಿಗೆ ಬಣ್ಣವಾಗಿ ವಾಪಸು ಬರುತ್ತಿತ್ತು. ಹಸಿರೆಂದರೆ ಕ್ಷೇಮ, ಹಳದಿಯೆಂದರೆ ಹುಷಾರು, ಕೆಂಪೆಂದರೆ ಶಾಲೆ ಬಂದ್.

ಜನ ಒಗ್ಗಿಕೊಂಡರು. ಹಸಿರು ದೀಪದ ಬೀದಿಯಲ್ಲಿ ಬಾಡಿಗೆ ಏರಿತು. ಹೆಣ್ಣು ನೋಡಲು ಬಂದವರು ಮೊದಲು ಬಾಗಿಲ ಮೇಲೆ ಕಣ್ಣಾಡಿಸುವುದು ರೂಢಿಯಾಯಿತು. ಮದುವೆ ಮನೆಯವರು ತಮ್ಮ ಬೀದಿ ಹಳದಿಯಾಗದಿರಲೆಂದು, ಹೊಟ್ಟೆ ಕೆಟ್ಟ ನೆಂಟರನ್ನು ಪಕ್ಕದ ಬೀದಿಯ ಕಕ್ಕಸಿಗೆ ಅಟ್ಟಿದ್ದೂ ಉಂಟು. ಅದೇನೇ ಇರಲಿ, ಮೊದಲ ಮಳೆಗಾಲದಲ್ಲೇ ಡೆಂಗಿ ಸಾವು ನಿಂತುಹೋಗಿತ್ತು. ಆಮೇಲೆ ದೀಪದ ಮಾತನ್ನು ಮೀರುವವರು ಯಾರು? ಪುಟ್ಟತಾಯಮ್ಮನಂತೂ ತಮ್ಮ ಮಗನ ಮಾತಿಗಿಂತ ದೀಪಕ್ಕನ ಮಾತಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು.

ಸಿಂಚನ ಕೆಲಸ ಮಾಡುತ್ತಿದ್ದುದು ಆ ದೀಪಗಳ ಹಿಂದೆಯೇ, ಕಂಟ್ರೋಲ್ ರೂಮಿನಲ್ಲಿ. ಊರಿನ ಹೊಟ್ಟೆಯ ಸಮಾಚಾರವೆಲ್ಲ ಅವಳ ಪರದೆಯ ಮೇಲೆ ಬರುತ್ತಿತ್ತು. ತನ್ನ ಮಗಳ ಹೊಟ್ಟೆ ಯಾಕೆ ಕೆಟ್ಟಿತೆಂಬುದು ಮಾತ್ರ ಅವಳಿಗೆ ಗೊತ್ತಾಗಿರಲಿಲ್ಲ.

ಮಾರನೆಯ ದಿನ ನೀರು ಬಂತು. ಬಂತೆಂಬುದು ನೀರಿನ ಸದ್ದಿನಿಂದ ಗೊತ್ತಾಗಲಿಲ್ಲ, ಮೋಟರುಗಳ ಸದ್ದಿನಿಂದ ಗೊತ್ತಾಯಿತು. ಮೊದಲು ಮೇಲಿನ ತಿರುವಿನಲ್ಲೊಂದು, ಆಮೇಲೆ ಎದುರು ಮನೆಯಲ್ಲಿ, ಆಮೇಲೆ ಸಾಲಾಗಿ ಎಲ್ಲ ಕಡೆ. ನಲ್ಲಿಯ ಪೈಪಿಗೇ ಮೋಟರು ಜೋಡಿಸಿ ಎಳೆಯುವುದು ಕಾಯಿದೆಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು. ಹಾಗೆ ಎಳೆಯದಿದ್ದರೆ ನೀರು ಸಿಗುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಯತೀಶನ ಅಂಗಡಿ ಇರುವುದೇ ಆ ಎರಡು ಗೊತ್ತುಗಳ ನಡುವೆ. ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವನ ಕಸುಬು. ಆ ಬೀದಿಯ ಮುಕ್ಕಾಲು ಪಾಲು ಮೋಟರುಗಳು ಅವನ ಕೈಯಿಂದಲೇ ಜೀವ ಪಡೆದವು.

ಸಿಂಚನ ಕೆಲಸಕ್ಕೆ ಹೊರಟು ಗೇಟು ತೆಗೆಯುವಷ್ಟರಲ್ಲಿ ನಾಲ್ಕು ಮನೆ ಕೆಳಗಿನ ಕೆಂಪಾಜಮ್ಮ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬೀದಿಯ ನಡುವೆ ನಿಂತಿದ್ದರು. ಬೀದಿಯಲ್ಲಿ ಮೋಟರಿಲ್ಲದ ಮನೆ ಅವರದೊಂದೇ. ಮಗಳು ಸೊಸೆ ಯಾರೂ ಇಲ್ಲ, ಇರುವವಳು ಮೊಮ್ಮಗಳು ಮೌಲ್ಯ ಒಬ್ಬಳೇ.

“ಎಲ್ಲಾ ಎಳ್ಕಳಿ, ಎಳ್ಕಳಿ! ನದೀನೇ ಮನೇಗ್ ಎಳ್ಕಳಿ! ಲೇ ಸಿಂಚು, ನಿನ್ ಗಂಡಂಗೆ ಹೇಳು, ನಂಗೂ ಒಂದು ಮೋಟ್ರು ಧರ್ಮಕ್ಕೆ ಕೊಡು ಅಂತ.”

“ಕೆಂಪಾಜಕ್ಕ, ನಲ್ಲೀಲಿ ಸಣ್ಣಗಾದ್ರೂ ಬರ್ತಿಲ್ವಾ?”

“ಬರಾದಾ? ಬಾ ಇಲ್ಲಿ, ಬಂದು ನೋಡು. ಆಪೀಸು ಒಂದ್ ಗಳಿಗೆ ತಡ ಆದ್ರೆ ಮುಳುಗೋಗಾಕಿಲ್ಲ.” ಕೆಂಪಾಜಮ್ಮ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದರು. ಅವರ ಮನೆಯ ಮುಂದಿನ ನಲ್ಲಿ ಪೂರ್ತಿ ತೆರೆದಿತ್ತು. ಅದರಿಂದ ಸಣ್ಣ ಸಿಳ್ಳಿನಂಥ ಸದ್ದು ಬರುತ್ತಿತ್ತು, ನೀರಿಲ್ಲ. “ಕೈ ಇಡು. ಇಡು ಅಂತೀನಿ.”

ಸಿಂಚನ ನಲ್ಲಿಯ ಬಾಯಿಗೆ ಅಂಗೈ ಒಡ್ಡಿದಳು. ನಲ್ಲಿ ಅವಳ ಅಂಗೈಯನ್ನು ಚುಪ್ಪನೆ ಕಚ್ಚಿ ಹಿಡಿದು ಒಳಕ್ಕೆ ಎಳೆಯಿತು. ಬಿಡಿಸಿಕೊಂಡಾಗ ಅಂಗೈ ಮೇಲೆ ಕೆಂಪು ಉಂಗುರ.

“ನೋಡ್ದಾ? ನೀವೆಲ್ಲ ಮೋಟ್ರು ಹಾಕಿದೇಟ್ಗೆ ನಮ್ ನಲ್ಲಿ ಉಸ್ರು ಎಳ್ಕತದೆ. ನೀರು ಕೊಡಾದಿರ್ಲಿ, ನಮ್ಮನೆ ಗಾಳೀನೂ ಎಳ್ಕಂಡು ನಿಮ್ಮನೇಗ್ ಕೊಡ್ತದೆ.”

ಪಕ್ಕದ ಮನೆಯ ಹೆಂಗಸು ನಕ್ಕಳು. ಸಿಂಚನಳೂ ನಕ್ಕು, ಒಂದು ಕೊಡ ನೀರು ತಮ್ಮ ಮನೆಯಿಂದ ತುಂಬಿಸಿಕೊಳ್ಳಿ ಎಂದು ಹೇಳಿ ಬಸ್ಸಿಗೆ ಓಡಿದಳು. ಅಂಗೈಯ ಉಂಗುರ ಬಸ್ಸು ಹತ್ತುವ ಹೊತ್ತಿಗೆ ಮಾಯವಾಯಿತು.

ಕಂಟ್ರೋಲ್ ರೂಮು ಇದ್ದುದು ಹಳೆಯ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ಗೋಡೆಗೆ ಎಷ್ಟು ಬಣ್ಣ ಬಳಿದರೂ, ಎಸಿ ಎಷ್ಟು ಹಾಕಿದರೂ, ಮಳೆ ಬಂದ ದಿನ ಹಳೆಯ ಗೂಡಿನ ವಾಸನೆ ಏಳುತ್ತಿತ್ತು. ಒಂದು ಕಡೆ ಸಿಂಚನಳ ಹೊಟ್ಟೆ ಪರದೆ. ಇನ್ನೊಂದು ತುದಿಗೆ ಗುರುಪಾದನ ಸೊಳ್ಳೆ ಪರದೆ. ನಡುವೆ ಗಾಜಿನ ಕೋಣೆಯಲ್ಲಿ ಇಬ್ಬರ ಮೇಲಧಿಕಾರಿ ಡಾಕ್ಟರ್ ಝಬೀನ್.

ಮುಂದಿನ ವಾರ ಹೊಟ್ಟೆ ಪರದೆಯ ಮೇಲೆ ಹತ್ತಿಮರದ ಬೀದಿಯ ಗೆರೆ ಏಳತೊಡಗಿತು. ಸಿಂಚನ ಅದನ್ನು ಮೂರು ಸಲ ನೋಡಿದಳು. ಭೇದಿ ತರುವ ರೋಗಾಣು. ಹೋದ ತಿಂಗಳು ಇಂಚರಳನ್ನು ಮಲಗಿಸಿದ್ದು ಇದೇ. ದೀಪವನ್ನು ಹಳದಿ ಮಾಡಿ, ನೀರು ಕುದಿಸಿ ಕುಡಿಯಿರಿ ಎಂಬ ಸಂದೇಶ ಕಳಿಸಿ, ಮನೆಗೆ ಫೋನು ಮಾಡಿದಳು.

“ಅತ್ತೆ, ಇಂಚು ಹೇಗಿದಾಳೆ? ಹೊಟ್ಟೆ ನೋವು ಅಂದ್ಲಾ?”

“ಇಲ್ಲ ಕಣವ್ವ, ಆಟ ಆಡ್ತಾ ಅವ್ಳೆ. ಕೆಂಪಾಜಿ ಮೊಮ್ಮಗೀನ ಆಸ್ಪತ್ರೇಗೆ ಸೇರಿಸವ್ರೆ. ನಿಲ್ಲಕ್ಕೇ ಆಯ್ತಿರ್ನಿಲ್ವಂತೆ ಆ ಮಗೀಗೆ.”

ಫೋನಿಟ್ಟ ಮೇಲೆ ಸಿಂಚನ ಲೆಕ್ಕ ಹಾಕಿದಳು. ಮೌಲ್ಯಳಿಗೆ ಅವತ್ತು ನೀರು ಕೊಟ್ಟಿದ್ದು ತಮ್ಮ ಮನೆಯ ಟ್ಯಾಂಕಿನಿಂದ. ಟ್ಯಾಂಕು ಹಿಂದಿನ ದಿನವಷ್ಟೇ ಉಜ್ಜಿ ತೊಳೆದು ಒಣಗಿಸಿದ್ದು. ಇನ್ನೇನು ಮಾಡಬೇಕಿತ್ತು? ದೀಪ ಹೇಳಿದ್ದನ್ನೆಲ್ಲ ಮಾಡಿದ್ದಾರೆ, ಒಂದು ಹನಿ ಹಳೆಯ ನೀರಿಲ್ಲ.

ಒಂದು ಹನಿ ಹಳೆಯ ನೀರಿಲ್ಲ. ಇಡೀ ಬೀದಿಯಲ್ಲಿ.

ಅವಳು ಎದ್ದು ಗುರುಪಾದನ ಮೇಜಿಗೆ ಹೋದಳು. “ಗುರು, ನಿನ್ನ ಹಳದಿ ದೀಪಗಳನ್ನ ಈ ವರ್ಷದ್ದು ಪೂರ್ತಿ ನನಗೆ ಕಳಿಸ್ತೀಯಾ?”

“ಯಾಕ್ರೀ, ನಿಮ್ಮ ಹೊಟ್ಟೆ ಸಾಲ್ದು ಅಂತ ನಮ್ಮ ಸೊಳ್ಳೆ ಮೇಲೂ ಕಣ್ಣಾ?”

ಎರಡೂ ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದಳು. ಸೊಳ್ಳೆ ದೀಪ ಉರಿದ ಕಡೆಯೆಲ್ಲ, ಅದರ ನಂತರದ ನೀರಿನ ಸರದಿ ಮುಗಿದ ಕೆಲವೇ ದಿನಕ್ಕೆ ಹೊಟ್ಟೆಯ ಗೆರೆ ಏಳುತ್ತಿತ್ತು. ಬೀದಿ ಬೇರೆ, ತಿಂಗಳು ಬೇರೆ, ಅನುಕ್ರಮ ಒಂದೇ. ಎರಡೂ ಪರದೆಗಳು ಒಂದೇ ಕೋಣೆಯಲ್ಲಿದ್ದವು, ಇಷ್ಟು ದಿನ ಯಾರೂ ಅವನ್ನು ಒಟ್ಟಿಗೆ ನೋಡಿರಲಿಲ್ಲ.

ಡಾಕ್ಟರ್ ಝಬೀನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಸಿಂಚನಾ, ಒಂದರ ಹಿಂದೆ ಒಂದು ಬಂತು ಅಂದ ಮಾತ್ರಕ್ಕೆ ಮೊದಲನೇದು ಎರಡನೇದರ ತಾಯಿ ಆಗಲ್ಲ. ದಾರಿ ಯಾವುದು? ಡ್ರಮ್ಮು ತೊಳೆದ್ರೆ ಭೇದಿ ಹೇಗೆ ಬರುತ್ತೆ?”

ಸಿಂಚನ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಹೇಳತೊಡಗಿದಳು, ಹೇಳುತ್ತ ಹೇಳುತ್ತ ತನಗೇ ಅರ್ಥವಾಗುತ್ತಿರುವವಳಂತೆ. ದೀಪ ಹಳದಿಯಾಗುತ್ತದೆ. ಎಲ್ಲರೂ ಒಂದೇ ದಿನ ನೀರು ಚೆಲ್ಲುತ್ತಾರೆ. ಮುಂದಿನ ಸಲ ನೀರು ಬಂದಾಗ ಎಲ್ಲರ ಮನೆಯೂ ಖಾಲಿ, ಎಲ್ಲರ ಮೋಟರೂ ಒಟ್ಟಿಗೆ ಶುರು. ಬೇರೆ ದಿನಗಳಲ್ಲಿ ಒಬ್ಬರ ಟ್ಯಾಂಕು ಅರ್ಧ ಇರುತ್ತದೆ, ಇನ್ನೊಬ್ಬರು ತಡವಾಗಿ ಏಳುತ್ತಾರೆ. ಆ ದಿನ ಹಾಗಲ್ಲ. ಪೈಪಿನಲ್ಲಿ ಬರುವ ನೀರಿಗಿಂತ ಎಳೆಯುವ ಬಲ ಹೆಚ್ಚಾಗಿ ಪೈಪು ಉಸಿರು ಎಳೆಯುತ್ತದೆ. ಎಲ್ಲಿಂದ ಎಳೆಯುತ್ತದೆ? ಸಿಕ್ಕ ಬಿರುಕಿನಿಂದ. ಹಳೆಯ ಪೈಪು ಮೋರಿಮೂಗಿಲ್ಲದ ಹಳೆಯ ಮೋರಿಯ ಕೆಳಗೇ ಹಾದು ಹೋಗಿದೆ, ಜೋಡಣೆಗಳೆಲ್ಲ ಸಡಿಲ.

“ಮೋರಿ ನೀರನ್ನ ನಾವೇ ಪೈಪಿನೊಳಗೆ ಎಳ್ಕೋತಿದೀವಿ ಮೇಡಂ. ಇನ್ನೂ ದೀಪ ಹಾಕಿರದ ಹಳೇ ಪೇಟೆ ನೋಡಿ. ಅಲ್ಲೂ ಮೋಟ್ರಿದೆ, ಅಲ್ಲೂ ಇದೇ ಪೈಪು. ಅಲ್ಲಿನ ಆಸ್ಪತ್ರೆಗಳಲ್ಲಿ ಈ ಏರಿಳಿತ ಇಲ್ಲ, ಯಾಕಂದ್ರೆ ಅಲ್ಲಿ ಯಾರೂ ಒಟ್ಟಿಗೆ ಚೆಲ್ಲಲ್ಲ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗುರುಪಾದನ ಮುಖದ ನಗೆ ಆರಿತು. “ಅಂದ್ರೆ ನನ್ನ ದೀಪಾನೇ ಮಕ್ಕಳಿಗೆ ಭೇದಿ ಮಾಡಿಸ್ತಿದೆ ಅಂತೀರಾ? ದೀಪ ಹಾಕ್ದೆ ಇದ್ರೆ ಡೆಂಗಿ ಬರುತ್ತೆ ಸಿಂಚನಕ್ಕ. ದೀಪ ಬರೋ ಮುಂಚೆ ಸತ್ತವರ ಲೆಕ್ಕ ನಿಮಗೆ ಗೊತ್ತಿಲ್ವಾ?”

“ದೀಪ ಹಾಕಬೇಡ ಅಂತ ನಾನೆಲ್ಲಿ ಹೇಳಿದೆ? ಮೋಟ್ರು ನಿಲ್ಲಬೇಕು.”

“ಯಾರು ನಿಲ್ಲಿಸ್ತಾರೆ?” ಝಬೀನ್ ಕೇಳಿದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ಒಬ್ಬರು ನಿಲ್ಲಿಸಿದ್ರೆ ಅವರ ಮನೆಗೆ ನೀರಿಲ್ಲ, ಅಷ್ಟೇ. ನಿಮ್ಮ ಮನೇಲಿ ಮೋಟ್ರಿದೆಯಾ?”

“ಇದೆ ಮೇಡಂ. ಎಲ್ಲರಿಗಿಂತ ದೊಡ್ಡದು.”

ಕೊನೆಗೆ ಝಬೀನ್ ಒಂದು ದಾರಿ ಹೇಳಿದರು. ಒಂದು ಬೀದಿಯಲ್ಲಿ, ನೀರು ಬಿಡುವ ಹೊತ್ತು ಪೂರ್ತಿ ಕರೆಂಟು ತೆಗೆಸುವುದು. ಪೈಪಿಗೊಂದು ಒತ್ತಡದ ಮಾಪಕ ಕೂರಿಸಿ ಇಲ್ಲಿಂದಲೇ ನೋಡುವುದು. ಮುಳ್ಳು ಸೊನ್ನೆಗಿಂತ ಮೇಲೆ ನಿಂತರೆ ಪೈಪು ಉಸಿರೆಳೆಯುತ್ತಿಲ್ಲವೆಂದು ಅರ್ಥ. ಹಾಗಾದರೆ ಇಡೀ ಊರಿಗೆ ಹಾಗೇ ಮಾಡಿಸಲು ಜಿಲ್ಲಾಡಳಿತದ ಮುಂದೆ ಹೋಗಬಹುದು. ಮತ್ತೆ ಸೊಳ್ಳೆ ದೀಪ ಬಂದಾಗ ಹತ್ತಿಮರದ ಬೀದಿಯಲ್ಲೇ ಮಾಡೋಣ ಎಂದಳು ಸಿಂಚನ.

“ಮಾಡೋಣ. ಒಂದು ಮಾತು. ಮೊದಲೇ ಗೊತ್ತಾದ್ರೆ ಜನ ಜನರೇಟರ್ ಬಾಡಿಗೆಗೆ ತರ್ತಾರೆ. ಆಮೇಲೆ ಪರೀಕ್ಷೆಗೆ ಅರ್ಥ ಇರಲ್ಲ. ಬೀದೀಲಿ ಯಾರಿಗೂ ಹೇಳಬೇಡಿ. ನಿಮ್ಮ ಮನೆಯವರಿಗೂ.”

ಸೊಳ್ಳೆ ದೀಪ ಬೇಗನೇ ಬಂತು. ಬೀದಿ ಮತ್ತೆ ನೀರು ಚೆಲ್ಲಿತು, ದೀಪ ಹಸಿರಿಗೆ ಮರಳಿತು. ಮೌಲ್ಯ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು, ಕಡ್ಡಿಯಂತಾಗಿ.

ನೀರು ಬರುವ ದಿನ ಬೆಳಿಗ್ಗೆ ಸಿಂಚನ ಸ್ಟೀಲ್ ಕ್ಯಾನಿನಲ್ಲಿ ಕುದಿಸಿ ಆರಿಸಿದ ನೀರು ತುಂಬಿಟ್ಟು, ಅದರ ಮುಚ್ಚಳದ ಮೇಲೆ ಲೋಟ ಬೋರಲು ಹಾಕಿದಳು. “ಅತ್ತೆ, ಇಂಚೂಗೆ ಇದು ಬಿಟ್ಟು ಬೇರೆ ನೀರು ಕೊಡಬೇಡಿ. ಬಾಯಿ ಮುಕ್ಕಳಿಸೋಕೂ ಇದೇ.”

“ಕುದ್ಸಿದ್ ನೀರು ಸತ್ತೋದ್ ನೀರು ಕಣವ್ವ, ರುಚಿ ಇರಾಕಿಲ್ಲ. ಮಗ ಮೂತಿ ತಿರುಗಿಸ್ತದೆ. ಹೊಸ ನೀರು ಬಂದ್ಮೇಲೆ ತಣ್ಣಗೆ ಒಂದ್ ಲೋಟ...”

“ಬೇಡ ಅತ್ತೆ. ದೀಪಕ್ಕನೇ ಹೇಳಿಲ್ವಾ ಕುದಿಸಿ ಅಂತ?”

“ದೀಪ ಹಸ್ರಾಗೇ ಅದಲ್ಲ ಈಗ.” ಆದರೂ ಅವರು ತಲೆಯಾಡಿಸಿದರು.

ಯತೀಶ ಹಿತ್ತಿಲಲ್ಲಿ ಮೋಟರಿಗೆ ಎಣ್ಣೆ ಹಾಕುತ್ತಿದ್ದ. ಸಿಂಚನ ಅವನ ಹತ್ತಿರ ಹೋಗಿ ನಿಂತಳು. ಹೇಳಿಬಿಡಲೇ? ಹೇಳಿದರೆ ಇವನು ಮೋಟರು ಹಾಕುವುದಿಲ್ಲ, ಮಗಳೆಂದರೆ ಪ್ರಾಣ. ಆದರೆ ಇವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಇದೇ ಬೀದಿಯವರು.

“ಏನು?” ಅವನು ತಲೆಯೆತ್ತದೆ ಕೇಳಿದ.

“ಏನಿಲ್ಲ ರೀ. ಹುಷಾರು ಅಂತ.”

“ಮೋಟ್ರಿಗೆ ಹೇಳ್ತೀಯೋ ನಂಗೆ ಹೇಳ್ತೀಯೋ?” ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಮೂವರೂ ಒಂದೇ ಪರದೆಯ ಮುಂದೆ ಕೂತಿದ್ದರು. ಮಾಪಕ ಕೂರಿಸಿದ್ದುದು ಪೈಪು ಮೋರಿಯ ಕೆಳಗೆ ಹಾದುಹೋಗುವ ಕಡೆ, ಸಿಂಚನಳ ಮನೆಯಿಂದ ಕೂಗಳತೆಗಿಂತ ಕಡಿಮೆ ದೂರ. ಕರೆಂಟು ಹೋದ ಸುದ್ದಿ ಫೋನಿನಲ್ಲಿ ಬಂತು. ವಾಲ್ವು ತಿರುಗಿಸಿದ ಸುದ್ದಿಯೂ ಬಂತು. ಮುಳ್ಳು ಸೊನ್ನೆಯಲ್ಲಿ ನಡುಗಿತು. ಆಮೇಲೆ ನಿಧಾನವಾಗಿ, ಹೆದರಿ ಹೆದರಿ ಹೆಜ್ಜೆ ಇಡುವ ಮಗುವಿನಂತೆ, ಮೇಲಕ್ಕೆ ಸರಿಯಿತು.

“ನಿಂತಿದೆ,” ಗುರುಪಾದ ಪಿಸುಗುಟ್ಟಿದ. “ಸಿಂಚನಕ್ಕ, ನಿಂತಿದೆ!”

ನೀರು ತಾನಾಗಿ ಹರಿದು ಬೀದಿಯ ಕೊನೆಯವರೆಗೆ ಹೋಗುತ್ತಿತ್ತು. ಸಣ್ಣಗೆ, ಆದರೆ ಎಲ್ಲರಿಗೂ. ಝಬೀನ್ ಎಲ್ಲರಿಗೂ ಕಾಫಿ ತರಿಸಿದರು. ಸಿಂಚನ ಮೊದಲ ಗುಟುಕು ಬಾಯಿಗಿಟ್ಟಳು.

ಮುಳ್ಳು ಬಿತ್ತು.

ಇಳಿದಿದ್ದಲ್ಲ, ಬಿತ್ತು. ಸೊನ್ನೆ ದಾಟಿ ಕೆಳಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಕರೆಂಟು ಬಂತೇ ಎಂದು ಝಬೀನ್ ಫೋನು ಮಾಡಿ ಕೇಳಿದರು. ಇಲ್ಲ, ಬಂದಿಲ್ಲ. “ಯಾರದೋ ಒಂದು ಮೋಟ್ರು ಓಡ್ತಿದೆ,” ಎಂದರು. “ಒಂದೇ. ಆದ್ರೆ ದೊಡ್ಡದು.”

ಸಿಂಚನ ಯತೀಶನಿಗೆ ಕರೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಆಮೇಲೆ ಕಾಫಿ ಅಲ್ಲೇ ಬಿಟ್ಟು ಗುರುಪಾದನ ಸ್ಕೂಟರಿನ ಕೀಲಿ ಕಿತ್ತುಕೊಂಡು ಓಡಿದಳು.

ಬೀದಿ ಹಬ್ಬದಂತಿತ್ತು. ಫ್ಯಾನು ನಿಂತ ಮನೆಗಳಿಂದ ಎಲ್ಲರೂ ಹೊರಗೆ ಬಂದಿದ್ದರು. ಗೇಟಿನ ಒಳಗೆ ಮರೆತೇ ಹೋಗಿದ್ದ ನೆಲಮಟ್ಟದ ನಲ್ಲಿಗಳ ಮುಂದೆ ಕೊಡಗಳು ಸಾಲು ನಿಂತಿದ್ದವು. ಕೆಂಪಾಜಮ್ಮ ದೂರದಿಂದಲೇ ಕೂಗಿದರು: “ಸಿಂಚೂ, ನಮ್ ನಲ್ಲೀಲಿ ನೀರು ಬಂದ್ಬುಡ್ತು ಕಣೇ! ಈಗ್ತಾನೆ ಯಾಕೋ ನಿಂತದೆ. ನಿನ್ ಗಂಡಂಗೆ...”

ಸಿಂಚನ ನಿಲ್ಲಲಿಲ್ಲ. ಕರೆಂಟಿಲ್ಲದ ಬೀದಿಯಲ್ಲಿ ಮೌನವಿರಬೇಕಿದ್ದ ಜಾಗದಲ್ಲಿ ಒಂದೇ ಒಂದು ಗುಂಯ್ ಎಂಬ ಸದ್ದು, ಅವಳ ಮನೆಯ ಹಿತ್ತಿಲಿನಿಂದ ಬರುತ್ತಿತ್ತು.

ಯತೀಶ ಸಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಡಿಯಿಂದ ತಂದ ದೊಡ್ಡ ಇನ್ವರ್ಟರು, ಎರಡು ಬ್ಯಾಟರಿ, ದಪ್ಪ ವೈರು. ಮುಖದ ತುಂಬ ಬೆವರು, ಬೆವರಿನ ನಡುವೆ ಹೆಮ್ಮೆ. “ಬಂದ್ಯಾ? ನೋಡು, ಕರೆಂಟ್ ಹೋದ್ರೆ ಹೋಗ್ಲಿ ಅಂತ...”

ಅವಳು ವೈರು ಹಿಡಿದು ಕಿತ್ತಳು. ಕಿಡಿ ಹಾರಿತು. ಮೋಟರು ನರಳಿ ನಿಂತಿತು.

“ಏಯ್, ತಲೆ ಕೆಟ್ಟಿದ್ಯಾ? ಕೈ ಸುಟ್ಕಂಡಿದ್ರೆ? ಟ್ಯಾಂಕಲ್ಲಿ ತೊಟ್ಟು ನೀರಿಲ್ಲ. ಇವತ್ತು ಬಿಟ್ರೆ ಇನ್ನ ಯಾವಾಗ್ಲೋ. ಮಗೀಗೆ ನೀರು ಬ್ಯಾಡ್ವಾ?”

“ಇಂಚು ಎಲ್ಲಿ? ಈ ನೀರು ಕುಡಿದ್ಲಾ?”

ಉತ್ತರಕ್ಕೆ ಕಾಯದೆ ಅವಳು ಒಳಗೆ ಓಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಹೊಸದಾಗಿ ತುಂಬಿದ ಹಿತ್ತಾಳೆ ಬಿಂದಿಗೆ, ಹೊರಮೈ ಬೆವೆತು ಹನಿಹನಿಯಾಗಿತ್ತು. ಪುಟ್ಟತಾಯಮ್ಮ ಅದರಿಂದ ಲೋಟಕ್ಕೆ ಬಗ್ಗಿಸುತ್ತಿದ್ದರು. ಇಂಚರ ಪಕ್ಕದಲ್ಲಿ ನಿಂತು ಎರಡೂ ಕೈ ಚಾಚಿದ್ದಳು.

ಸಿಂಚನ ಲೋಟ ಕಸಿದುಕೊಂಡಳು. ನೀರು ಮೂವರ ಮೇಲೂ ಚೆಲ್ಲಿತು. “ಕುಡಿದ್ಯಾ? ಇಂಚು, ಹೇಳು, ಕುಡಿದ್ಯಾ?”

ಮಗು ಹೆದರಿ ಅಳತೊಡಗಿತು. “ಇಲ್ಲ ಕಣವ್ವ, ಇಲ್ಲ,” ಪುಟ್ಟತಾಯಮ್ಮ ತಡವರಿಸಿದರು. “ಕ್ಯಾನಿಂದು ಸಪ್ಪೆ ಅಂತ ಉಗುದ್ಲು. ಇದ್ನ ಈಗಿನ್ನ ಕೊಡಾಕ್ ಹೋಗಿದ್ದೆ.”

ಸಿಂಚನ ಮಗಳನ್ನು ಎತ್ತಿಕೊಂಡು, ಬಿಂದಿಗೆಯನ್ನು ಕಾಲಿನಿಂದಲೇ ಬಚ್ಚಲಿನತ್ತ ಉರುಳಿಸಿದಳು. ಬಾಗಿಲಲ್ಲಿ ಯತೀಶ ನಿಂತಿದ್ದ. ಅವಳು ಅಲ್ಲೇ, ಉಸಿರು ಕಟ್ಟಿಕೊಂಡೇ, ಎಲ್ಲವನ್ನೂ ಹೇಳಿದಳು. ಮೋರಿ, ಬಿರುಕು, ಉಸಿರೆಳೆಯುವ ಪೈಪು, ಬೇಕೆಂದೇ ತೆಗೆಸಿದ ಕರೆಂಟು. ಅವನ ಕಣ್ಣು ಮಗಳ ಮೇಲಿತ್ತು.

“ಹೋದ್ ತಿಂಗಳು ಅವ್ಳು ಮಲಗಿದ್ದೂ ಇದ್ರಿಂದ್ಲೇನಾ?”

“ಹೌದು ಅನ್ಸುತ್ತೆ.”

“ಕರೆಂಟ್ ತೆಗೆಸ್ತಾರೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು.”

“ಗೊತ್ತಿತ್ತು.”

“ನಂಗೆ ಒಂದ್ ಮಾತು ಹೇಳಿದ್ರೆ ಮೋಟ್ರು ಮುಟ್ತಿದ್ನಾ ನಾನು?”

“ಮುಟ್ತಿರಲಿಲ್ಲ. ಆದ್ರೆ ಬೀದಿಗೆಲ್ಲ ಹೇಳ್ತಿದ್ರಿ.”

ಯತೀಶ ಬೆವರು ಒರೆಸಿಕೊಂಡ. “ಹೇಳ್ತಿದ್ದೆ,” ಎಂದ.

ಅಷ್ಟರಲ್ಲಿ ನೀರಿನ ಹೊತ್ತು ಮುಗಿದು ಕರೆಂಟು ಬಂತು. ಫ್ಯಾನು ತಿರುಗಿತು, ಬೀದಿಯಲ್ಲಿ ಮಕ್ಕಳು ಹೋ ಎಂದು ಕೂಗಿದರು, ಬಾಗಿಲ ದೀಪ ಹೊತ್ತಿಕೊಂಡಿತು. ಹಸಿರು. “ಹತ್ತಿಮರದ ಬೀದಿಯಲ್ಲಿ ಉದರ ಸಂಬಂಧಿ ರೋಗಾಣುಗಳು ಕಂಡುಬಂದಿಲ್ಲ,” ಎಂದಿತು ದನಿ.

ಸಿಂಚನ ಝಬೀನ್‌ಗೆ ಫೋನು ಮಾಡಿದಳು. “ಮೇಡಂ, ನಮ್ಮನೆ ಮೋಟ್ರೇ. ನಿಲ್ಲಿಸಿದೀನಿ. ಆದ್ರೆ ಒಳಗೆ ಎಳ್ಕೊಂಡಿದ್ದು ಮೋಟ್ರು ನಿಂತ ಮೇಲೆ ಮುಂದಕ್ಕೆ ಹರಿದು ಕೆಳಗಿನ ಮನೆಗಳಿಗೆ ಹೋಗಿದೆ. ದೀಪ ಹಳದಿ ಮಾಡಿ.”

“ಮಾಡಿಸ್ತೀನಿ. ಆದ್ರೆ ಮೋರಿಮೂಗಿಗೆ ಇನ್ನೂ ಏನೂ ಸಿಕ್ಕಿಲ್ಲ ಸಿಂಚನಾ. ವರದಿ ಇಲ್ಲದೆ ಬಣ್ಣ ಬದಲಿಸೋಕೆ ಮೇಲಿನವರ ಒಪ್ಪಿಗೆ ಬೇಕು. ಸಂಜೆ ಆಗಬಹುದು.”

ಮೂಗಿಗೆ ಸಿಗುವುದು ಜನರ ಹೊಟ್ಟೆಯಿಂದ ಹೊರಬಂದ ಮೇಲೆ. ಈಗ ಅದು ಕೊಡಗಳಲ್ಲಿದೆ. ಸಂಜೆಯ ಹೊತ್ತಿಗೆ ಲೋಟಗಳಲ್ಲಿರುತ್ತದೆ.

ಅವಳು ಮಗಳನ್ನು ಯತೀಶನ ಕೈಗೆ ಕೊಟ್ಟಳು. “ಕ್ಯಾನಿನ ನೀರು ಬಿಟ್ಟು...”

“ಗೊತ್ತಾಯ್ತು ಹೋಗು. ಸಂಪು ನಾನು ಖಾಲಿ ಮಾಡ್ತೀನಿ.”

ಕೆಂಪಾಜಮ್ಮನ ಮನೆಯ ಅಂಗಳದಲ್ಲಿ ಇದ್ದಬದ್ದ ಪಾತ್ರೆಗಳೆಲ್ಲ ತುಂಬಿ ನಿಂತಿದ್ದವು. ಕೊಡ, ಬಕೆಟ್ಟು, ಪಾಯಸ ಮಾಡುವ ತಪ್ಪಲೆ, ಟಿಫಿನ್ ಡಬ್ಬಿಯೂ ಕೂಡ. ಮೌಲ್ಯ ಮೆಟ್ಟಿಲ ಮೇಲೆ ಕೂತು ತುಂಬಿದ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಕೆಂಪಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, “ಬಾರವ್ವ, ನೋಡು ನನ್ ಸಿರಿತನವ” ಎಂದರು.

“ಮೌಲ್ಯ, ಕುಡೀಬೇಡ ಪುಟ್ಟಿ. ಕೆಂಪಾಜಕ್ಕ, ಈ ನೀರು ಕುಡೀಬೇಡಿ. ಮೋರಿ ನೀರು ಸೇರಿದೆ. ಕೊತಕೊತ ಕುದಿಸದೆ ಬಾಯಿಗೆ ಹಾಕಬೇಡಿ. ಬಟ್ಟೆ ಒಗೆಯೋಕೆ ಇಟ್ಕೊಳ್ಳಿ.”

ಕೆಂಪಾಜಮ್ಮ ನಗುತ್ತಲೇ ಬಾಗಿಲ ಕಡೆ ಕೈ ತೋರಿಸಿದರು. “ದೀಪ ಹಸ್ರಾಗೇ ಅದಲ್ಲೇ.”

“ದೀಪಕ್ಕೆ ಗೊತ್ತಿಲ್ಲ.”

“ನಿಂಗ್ ಹೆಂಗ್ ಗೊತ್ತು?”

ಸಿಂಚನ ಬೀದಿಯತ್ತ ನೋಡಿದಳು. ಇವರೊಬ್ಬರಿಗೆ ಹೇಳಿದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ನಾಳೆಯಿಂದ ಯತೀಶನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? “ಎಳ್ಕೊಂಡಿದ್ದು ನಮ್ಮನೆ ಮೋಟ್ರು,” ಎಂದಳು. “ಕರೆಂಟಿಲ್ಲದೇ ಇದ್ರೂ ಇನ್ವರ್ಟರ್‌ನಲ್ಲಿ ಓಡಿಸಿದ್ರು ಇವರು. ಮೌಲ್ಯ ಹೋದ ಸಲ ಮಲಗಿದ್ದೂ ಇಂಥ ನೀರಿಂದಲೇ. ಅವತ್ತು ನಮ್ಮ ಟ್ಯಾಂಕಿನಿಂದ ಕೊಟ್ಟಿದ್ದು.”

ಕೆಂಪಾಜಮ್ಮನ ನಗು ನಿಂತಿತು. ಅವರು ತುಂಬಿದ ಪಾತ್ರೆಗಳನ್ನು ಒಂದೊಂದಾಗಿ ನೋಡಿದರು. ಹೊಡೆಯುತ್ತಾರೇನೋ ಅನ್ನಿಸಿತು ಸಿಂಚನಳಿಗೆ. ಹೊಡೆದರೂ ಆಗಬಹುದಿತ್ತು.

“ನಿನ್ ಮಗೀಗೆ ಕುಡಿಸ್ದಾ ಈ ನೀರ?”

“ಇಲ್ಲ.”

“ಮುಕ್ಳಿಸಾಕೂ?”

“ಇಲ್ಲ ಕೆಂಪಾಜಕ್ಕ. ಕೈಯಿಂದ ಕಿತ್ಕೊಂಡು ಬಂದೆ.”

ಕೆಂಪಾಜಮ್ಮ ಮೆಟ್ಟಿಲು ಹತ್ತಿ ಮೊಮ್ಮಗಳ ಕೈಯಿಂದ ಲೋಟ ತೆಗೆದುಕೊಂಡು ಮೋರಿಗೆ ಚೆಲ್ಲಿದರು. ಒಳಗೆ ಹೋಗಿ ದೊಡ್ಡ ತಪ್ಪಲೆಯನ್ನು ಒಲೆಗಿಟ್ಟು, ಬೆಂಕಿ ಹಚ್ಚಿ ಹೊರಗೆ ಬಂದರು. “ಗ್ಯಾಸು ಮುಗುದ್ರೆ ನಿಮ್ಮನೆ ಸಿಲಿಂಡ್ರು ಎತ್ಕಂಡ್ ಬತ್ತೀನಿ, ಹೇಳಿವ್ನಿ.”

“ಬನ್ನಿ.”

ಸಿಂಚನ ಪಕ್ಕದ ಮನೆಯತ್ತ ತಿರುಗಿದಳು. ಅಲ್ಲಿ ಆಗಲೇ ಜನ ತುಂಬಿಕೊಂಡಿದ್ದರು, ಯಾರೋ ಮಜ್ಜಿಗೆಗೆ ನೀರು ಬೆರೆಸುತ್ತಿದ್ದರು, ಬಾಗಿಲ ಮೇಲೆ ದೀಪ ಹಸಿರಾಗಿ ಉರಿಯುತ್ತಿತ್ತು. ಅವಳು ಗೇಟಿನ ಹತ್ತಿರವೇ ನಿಂತಳು.

ಹಿಂದಿನಿಂದ ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಬಂದು ಅವಳ ಮೊಣಕೈ ಹಿಡಿದರು.

“ನಿಂತ್ಕಂಡ್ರೆ ಆದದಾ? ನಡಿ. ನೀನ್ ಹೇಳು, ನಾನ್ ಬೈತೀನಿ.”